ಧಾರವಾಡದ 30ನೇ ಗುಂಪು: ಮರಿಗಳನ್ನು ಕೊಂದ ಮುಸುವನ ಪ್ರಕರಣ

ಧಾರವಾಡದ ಕಡೆ ಮುಸುವ ನೋಡದೆ ಬೆಳೆದವರು ಕಡಿಮೆ. ಕಪ್ಪು ಮೂತಿ, ಬೂದು ಮೈ, ಮೈಗಿಂತ ಉದ್ದದ ಬಾಲ. ಹೆಂಚಿನ ಮೇಲೆ ಧಡಧಡ ಓಡುತ್ತವೆ. ಹುಣಸೆ ಮರದಲ್ಲಿ ಕೂತು ಚಿಗುರು ತಿನ್ನುತ್ತವೆ. ಹನುಮಪ್ಪ ಅಂತ ಕೈ ಮುಗಿಯುತ್ತೇವೆ, ಪೇರಲ ಗಿಡಕ್ಕೆ ಬಂದರೆ ಕೋಲು ಹಿಡಿದು ಓಡಿಸುತ್ತೇವೆ. ಆದರೆ ಆ ಗುಂಪಿನೊಳಗೆ ಯಾವುದು ಯಾವುದರ ಮಗಳು, ಈಗಿರುವ ದೊಡ್ಡ ಗಂಡು ಎಲ್ಲಿಂದ ಬಂತು, ಮೊದಲಿದ್ದ ಗಂಡು ಎಲ್ಲಿ ಹೋಯಿತು ಅಂತ ನಾವು ಕೇಳುವುದಿಲ್ಲ.

1961ರಲ್ಲಿ ಧಾರವಾಡಕ್ಕೆ ಬಂದ ಯುಕಿಮಾರು ಸುಗಿಯಾಮ ಅದನ್ನೇ ಕೇಳಿದರು. ಅವರು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತರುಣ ಸಂಶೋಧಕ. ನಮ್ಮದು ಆಗಿನ್ನೂ ಮೈಸೂರು ರಾಜ್ಯ. 1963ರವರೆಗೆ ಅವರೂ ಜೊತೆಗಾರರೂ ಧಾರವಾಡದ ಸುತ್ತಲಿನ ಕಾಡು, ರಸ್ತೆ ಬದಿಯ ಮರ, ಹೊಲದಂಚು ಅಂತ ಅಲೆದು ಮುಸುವಗಳ ಹಿಂದೆ ಬಿದ್ದರು. ಗುಂಪುಗಳಿಗೆ ಸಂಖ್ಯೆ ಕೊಟ್ಟರು. ಜಪಾನಿನಲ್ಲಿ ಕಿಂಜಿ ಇಮಾನಿಶಿ ಅವರ ಗರಡಿಯಲ್ಲಿ ಬೆಳೆದ ಒಂದು ಪದ್ಧತಿ ಇತ್ತು. ಕೋತಿಗಳನ್ನು ಒಟ್ಟಾಗಿ ಎಣಿಸಿ ಬಿಡಬಾರದು, ಒಂದೊಂದರ ಮುಖವನ್ನೂ ಗುರುತು ಹಿಡಿಯಬೇಕು, ತಿಂಗಳುಗಟ್ಟಲೆ ಅದೇ ಗುಂಪನ್ನು ನೋಡಬೇಕು. ಕುರಿ ಕಾಯುವವರು ಒಂದೊಂದು ಕುರಿಯನ್ನೂ ಗುರುತಿಸುತ್ತಾರಲ್ಲ, ಹಾಗೆ. ಈ ತಾಳ್ಮೆ ಇಲ್ಲದಿದ್ದರೆ ಮುಂದೆ ಹೇಳುವ ಘಟನೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅವರ ಪಟ್ಟಿಯಲ್ಲಿ 30ನೆಯದು ಎಂದಿದ್ದ ಗುಂಪಿನಲ್ಲಿ ನಡೆದದ್ದು ಇದು. ಪ್ರಾಣಿಗಳ ನಡವಳಿಕೆಯ ಬಗ್ಗೆ ಜಗತ್ತು ಯೋಚಿಸುವ ರೀತಿಯನ್ನೇ ಬದಲಿಸಿದ ಪ್ರಕರಣಗಳಲ್ಲಿ ಇದೂ ಒಂದು. ನಮ್ಮ ನೆಲದಲ್ಲಿ ನಡೆದ ಈ ಸಂಗತಿ ನಮ್ಮವರಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ನಡೆದದ್ದು

ಧಾರವಾಡದ ಹೆಚ್ಚಿನ ಗುಂಪುಗಳಲ್ಲಿ ಬೆಳೆದ ಗಂಡು ಒಂದೇ. ಉಳಿದವೆಲ್ಲ ಹೆಣ್ಣುಗಳು ಮತ್ತು ಅವುಗಳ ಮರಿಗಳು. ಹಾಗಾದರೆ ಮಿಕ್ಕ ಗಂಡುಗಳು ಎಲ್ಲಿ? ಅವು ಹೆಣ್ಣಿಲ್ಲದ ಗಂಡು ತಂಡ ಕಟ್ಟಿಕೊಂಡು ಅಲೆಯುತ್ತವೆ. ಯಾವ ಗುಂಪಿನ ಯಜಮಾನ ಸೊರಗಿದ, ಎಲ್ಲಿ ಸಂದು ಸಿಕ್ಕೀತು ಅಂತ ಸುತ್ತಲೇ ಇರುತ್ತವೆ.

1962ರಲ್ಲಿ ಇಂಥ ಏಳು ಗಂಡುಗಳ ತಂಡ 30ನೇ ಗುಂಪಿನ ಮೇಲೆ ಬಿತ್ತು. ಕಿತ್ತಾಟ, ಕಚ್ಚಾಟ, ಓಡಾಟ. ಹಳೆಯ ಗಂಡು ಸೋತು ಜಾಗ ಬಿಟ್ಟಿತು. ಆಮೇಲೆ ಗೆದ್ದವರೊಳಗೇ ಪೈಪೋಟಿ. ಕೊನೆಗೆ ಒಂದೇ ಗಂಡು ಉಳಿದು, ಜೊತೆಗೆ ಬಂದವರನ್ನೂ ಓಡಿಸಿತು. ಗುಂಪಿನಲ್ಲಿದ್ದ ಎಳೆ ಗಂಡುಗಳೂ ಹೊರಗೆ ಬಿದ್ದವು.

ಅಲ್ಲಿಗೆ ಮುಗಿದಿದ್ದರೆ ಇದು ಸುಮ್ನೆ ಒಂದು ಜಗಳದ ಕಥೆ. ಮುಗಿಯಲಿಲ್ಲ. ಹೊಸ ಗಂಡು ತಾಯಂದಿರ ಎದೆಗೆ ಅಂಟಿಕೊಂಡಿದ್ದ ಮರಿಗಳ ಮೇಲೆ ತಿರುಗಿತು. ಒಂದಾದ ಮೇಲೆ ಒಂದು, ಹಾಲು ಕುಡಿಯುವ ಮರಿಗಳು ಕೋರೆ ಹಲ್ಲಿನ ಗಾಯಗಳಿಂದ ಸತ್ತವು, ಇಲ್ಲವೇ ಕಾಣೆಯಾದವು. ಗಾಯಗೊಂಡ ಮರಿಯನ್ನು ತಾಯಿ ಹೊತ್ತುಕೊಂಡೇ ಓಡಾಡಿತು. ಕೆಲ ದಿನಗಳಲ್ಲಿ ಬಿಟ್ಟುಬಿಟ್ಟಿತು. ಮರಿ ಕಳೆದುಕೊಂಡ ಹೆಣ್ಣುಗಳು ಬೇಗನೇ ಬೆದೆಗೆ ಬಂದವು. ಅದೇ ಗಂಡಿನ ಜೊತೆ ಕೂಡಿದವು.

ಓದುವಾಗ ಹೊಟ್ಟೆ ಕಿವುಚುತ್ತದೆ. ಸುಗಿಯಾಮ ಅವರಿಗೂ ಇದು ಆಘಾತವೇ ಆಗಿರಬೇಕು. ಆದರೆ ಅವರು ಕಂಡದ್ದನ್ನು ಕಂಡ ಹಾಗೆ ಬರೆದರು. ಇನ್ನೊಂದು ಹೆಜ್ಜೆಯನ್ನೂ ಇಟ್ಟರು. ಇದು ಒಂದು ಗುಂಪಿನ ಆಕಸ್ಮಿಕವೋ ಅಥವಾ ಗಂಡು ಬದಲಾದಾಗ ನಡೆಯುವ ವಾಡಿಕೆಯೋ ಅಂತ ತಿಳಿಯಲು, ಇನ್ನೊಂದು ಗುಂಪಿನಿಂದ ಅದರ ಒಂದೇ ಗಂಡನ್ನು ಹಿಡಿದು ತೆಗೆದರು. ಹೊರಗಿನ ಗಂಡು ಬಂದು ಸೇರಿತು. ಅಲ್ಲೂ ಮರಿಗಳು ಕಚ್ಚಿಸಿಕೊಂಡು ಸತ್ತವು. ಇವತ್ತು ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡಲಾರರು, ಕೊಡಲೂಬಾರದು ಅಂತ ನನ್ನ ಅಭಿಪ್ರಾಯ. ಆದರೂ ಅದರಿಂದ ಒಂದು ವಿಷಯ ಗಟ್ಟಿಯಾಯಿತು. 30ನೇ ಗುಂಪಿನ ಗಂಡಿಗೆ ಹುಚ್ಚು ಹಿಡಿದಿರಲಿಲ್ಲ.

‘ಜಾತಿಯ ಒಳಿತು’ ಎಂಬ ನಂಬಿಕೆ

ಸುಗಿಯಾಮ ಅವರ ಬರಹ 1965ರಲ್ಲಿ ಪ್ರಕಟವಾಯಿತು. ಜಗತ್ತು ಅದನ್ನು ಬೇಗ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು.

ಆಗ ಬಹಳ ಮಂದಿ ಪ್ರಾಣಿಶಾಸ್ತ್ರಜ್ಞರ ಮನಸ್ಸಿನಲ್ಲಿ ಒಂದು ಚಿತ್ರ ಕೂತಿತ್ತು. ಪ್ರಾಣಿಗಳು ತಮ್ಮ ಜಾತಿ ಉಳಿಯಲಿ ಅಂತ ನಡೆದುಕೊಳ್ಳುತ್ತವೆ, ಜಗಳ ಬಂದರೂ ಕೊಲ್ಲುವ ಮಟ್ಟಕ್ಕೆ ಹೋಗುವುದಿಲ್ಲ, ಗುಂಪು ಎಂದರೆ ಎಲ್ಲರ ಹಿತಕ್ಕೆ ಇರುವ ಮನೆ. ನಾವೂ ಹಾಗೇ ಮಾತಾಡುತ್ತೇವೆ ಅಲ್ವಾ? ‘ಸಂತತಿ ಉಳಿಸೋದಕ್ಕೆ’ ಅಂತ ಪ್ರತಿಯೊಂದಕ್ಕೂ ಹೇಳಿಬಿಡುತ್ತೇವೆ. ಜಾತಿ ಉಳಿಯುವುದೇ ಗುರಿಯಾದರೆ, ಅದೇ ಜಾತಿಯ ಆರೋಗ್ಯವಂತ ಮರಿಗಳನ್ನು ಕೊಲ್ಲುವ ಗಂಡಿಗೆ ಎಲ್ಲಿ ಜಾಗ ಕೊಡುವುದು?

ಜೊತೆಗೆ ಇನ್ನೊಂದು ತೊಡಕು. ಅಮೆರಿಕದ ಫಿಲಿಸ್ ಜೇ, ಮುಂದೆ ಫಿಲಿಸ್ ಡಾಲ್ಹಿನೋ ಎಂದು ಹೆಸರಾದವರು, 1958ರಿಂದ 1960ರವರೆಗೆ ಉತ್ತರ ಪ್ರದೇಶದ ಕೌಕೋರಿ ಮತ್ತು ಮಧ್ಯ ಭಾರತದ ಓರ್ಛಾ ಕಾಡಿನಲ್ಲಿ ಮುಸುವಗಳನ್ನು ನೋಡಿದ್ದರು. ಅಲ್ಲಿನ ಗುಂಪುಗಳಲ್ಲಿ ಹಲವು ಗಂಡುಗಳು ಒಟ್ಟಿಗೇ ಇದ್ದವು, ಶಾಂತವಾಗಿದ್ದವು. ಹಾಗಿದ್ದ ಮೇಲೆ ಧಾರವಾಡದಲ್ಲಿ ಏನೋ ಕೆಟ್ಟಿರಬೇಕು ಅಂತ ಅವರಿಗೆ ಅನ್ನಿಸಿತು. ಧಾರವಾಡದಲ್ಲಿ ಮುಸುವಗಳು ನಿಜಕ್ಕೂ ದಟ್ಟವಾಗಿದ್ದವು, ಚದರ ಕಿಲೋಮೀಟರಿಗೆ 80ಕ್ಕೂ ಹೆಚ್ಚು. ಕಾಡು ಕಡಿಮೆಯಾಗಿ, ಇಕ್ಕಟ್ಟಾಗಿ, ಒತ್ತಡದಲ್ಲಿ ಗಂಡುಗಳು ಹೀಗೆ ಮಾಡಿವೆ ಅನ್ನುವುದು ಅವರ ವಾದ. ಒಂದು ಥರದ ಸಾಮಾಜಿಕ ಕಾಯಿಲೆ.

ಇದು ಸುಮ್ನೆ ತಳ್ಳಿಹಾಕುವ ಮಾತಾಗಿರಲಿಲ್ಲ. ಪಂಜರದಲ್ಲಿ ತುಂಬಿಸಿಟ್ಟ ಇಲಿಗಳು ವಿಚಿತ್ರವಾಗಿ ನಡೆದುಕೊಳ್ಳುವುದನ್ನು ಆ ಕಾಲದಲ್ಲಿ ಎಲ್ಲರೂ ಓದಿದ್ದರು. ಈ ನಡುವೆ ಜೋಧಪುರದಲ್ಲಿ ಎಸ್.ಎಂ. ಮೊಹನೋತ್ ಅವರೂ ಮರಿ ಕೊಲ್ಲುವುದನ್ನು ದಾಖಲಿಸಿ 1971ರಲ್ಲಿ ಬರೆದರು. ಅದಕ್ಕೂ ಇದೇ ಉತ್ತರ ಬಂತು: ಜೋಧಪುರದ ಮುಸುವಗಳೂ ಊರ ಪಕ್ಕ ಜನ ಹಾಕಿದ್ದನ್ನು ತಿಂದು ಬದುಕುವಂಥವು, ಅವು ಸಹಜ ಸ್ಥಿತಿಯಲ್ಲಿಲ್ಲ.

ಅಬು ಬೆಟ್ಟದಲ್ಲಿ ತಿರುವು

ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಸಾರಾ ಬ್ಲಾಫರ್ ಹರ್ಡಿ ಈ ಇಕ್ಕಟ್ಟಿನ ಮಾತನ್ನು ಕೇಳಿದ್ದು ತರಗತಿಯಲ್ಲಿ. ಅದನ್ನೇ ಪರೀಕ್ಷಿಸಬೇಕು ಅಂತ 1971ರಲ್ಲಿ ರಾಜಸ್ಥಾನದ ಅಬು ಬೆಟ್ಟಕ್ಕೆ ಬಂದರು. 1975ರವರೆಗೆ ಮತ್ತೆ ಮತ್ತೆ ಬಂದರು. ಅಂದರೆ ಕಾಯಿಲೆ ಅನ್ನುವ ವಿವರಣೆ ಸರಿ ಅಂದುಕೊಂಡೇ ಹೊರಟವರು ಅವರು. ನನಗೆ ಈ ಪ್ರಕರಣದಲ್ಲಿ ಬಹಳ ಇಷ್ಟವಾಗುವುದು ಇದೇ. ಕಂಡದ್ದು ತಾನು ನಂಬಿದ್ದಕ್ಕೆ ಹೊಂದದೇ ಹೋದಾಗ ಅವರು ನಂಬಿಕೆಯನ್ನು ಬಿಟ್ಟರು.

ಏನು ಹೊಂದಲಿಲ್ಲ? ಮೊದಲನೆಯದಾಗಿ, ಇಕ್ಕಟ್ಟಿಗೂ ಕೊಲೆಗೂ ತಾಳೆಯಾಗಲಿಲ್ಲ. ಒಂದೇ ಗಂಡಿನ ಕೆಳಗೆ ತಿಂಗಳುಗಟ್ಟಲೆ ಮರಿಗಳು ಹಾಯಾಗಿ ಆಡಿಕೊಂಡಿರುತ್ತಿದ್ದವು, ಆ ಗಂಡಿನ ಬೆನ್ನ ಮೇಲೆ ಕುಣಿಯುತ್ತಿದ್ದವು. ಹೊರಗಿನ ಗಂಡು ಬಂದು ಗುಂಪನ್ನು ವಶ ಮಾಡಿಕೊಂಡ ಮೇಲೆಯೇ ಮರಿಗಳು ಕಾಣೆಯಾಗುತ್ತಿದ್ದವು. ಎರಡನೆಯದಾಗಿ, ದಾಳಿ ಕಂಡ ಕಂಡವರ ಮೇಲಲ್ಲ. ಹಾಲು ಕುಡಿಯುವ ಮರಿ ಇರುವ ತಾಯಿಯನ್ನೇ ಗಂಡು ದಿನಗಟ್ಟಲೆ ಬೆನ್ನಟ್ಟುತ್ತಿತ್ತು. ಗೊಂದಲದಲ್ಲಿ ಕೈಕಾಲಿಗೆ ಸಿಕ್ಕು ಸತ್ತದ್ದಾಗಿದ್ದರೆ ಹೀಗೆ ಆರಿಸಿಕೊಂಡು ಹೋಗುತ್ತಿತ್ತೇ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೊಲ್ಲುವ ಗಂಡು ಆ ಮರಿಯ ತಂದೆಯಾಗಿರುವ ಸಂಭವವೇ ಇರಲಿಲ್ಲ. ಅದು ಆಗಷ್ಟೇ ಹೊರಗಿನಿಂದ ಬಂದಿತ್ತು.

1974ರಲ್ಲಿ ಅವರು ತಮ್ಮ ವಾದವನ್ನು ಮುಂದಿಟ್ಟರು. ಈ ನಡತೆ ಕೆಟ್ಟುಹೋದ ಯಂತ್ರದ ಸದ್ದಲ್ಲ. ಗಂಡುಗಳ ನಡುವಿನ ಪೈಪೋಟಿಯಲ್ಲಿ, ಅಂದರೆ ಡಾರ್ವಿನ್ 1871ರಲ್ಲಿ ವಿವರವಾಗಿ ಬರೆದ ಲೈಂಗಿಕ ಆಯ್ಕೆಯಲ್ಲಿ, ತಲೆಮಾರುಗಳಿಂದ ಗೆದ್ದು ಉಳಿದುಬಂದ ನಡತೆ ಅದು.

ತಿಂಗಳುಗಳ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಪ್ರಕರಣದ ಬೀಗದ ಕೈ ಇರುವುದು ಹಾಲಿನಲ್ಲಿ.

ಎದೆಹಾಲು ಕುಡಿಸುವವರೆಗೆ ಮುಟ್ಟು ತಡವಾಗುತ್ತದೆ ಅನ್ನುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಮಾತು. ಮರಿ ಚೀಪುತ್ತಿದ್ದ ಹಾಗೆ ತಾಯಿಯ ಮೈಯಲ್ಲಿ ಹಾರ್ಮೋನುಗಳು ಬದಲಾಗಿ, ಅಂಡ ಬಿಡುಗಡೆಯಾಗುವುದು ನಿಲ್ಲುತ್ತದೆ. ಮುಸುವದಲ್ಲೂ ಹಾಗೇ. ಮರಿಗೆ ಸುಮಾರು ಒಂದು ವರ್ಷವಾಗುವ ತನಕ ಹಾಲು. ಅಲ್ಲಿಯವರೆಗೆ ತಾಯಿ ಬೆದೆಗೆ ಬರುವುದು ಕಷ್ಟ. ಗಬ್ಬದ ಅವಧಿ ಸುಮಾರು ಆರೂವರೆ ತಿಂಗಳು.

ಇನ್ನು ಗಂಡಿನ ಕಡೆ. ಅಬು ಬೆಟ್ಟದಲ್ಲಿ ಒಂದು ಗಂಡು ಗುಂಪಿನ ಯಜಮಾನನಾಗಿ ಉಳಿಯುವುದು ಸರಾಸರಿ ಎರಡೂಕಾಲು ವರ್ಷ, ಅಂದರೆ 27-28 ತಿಂಗಳು. ಆಮೇಲೆ ಇನ್ನೊಂದು ಬಂದು ಓಡಿಸುತ್ತದೆ. ಅದರ ಬದುಕಿನಲ್ಲಿ ತಂದೆಯಾಗುವ ಅವಕಾಶದ ಬಾಗಿಲು ಇಷ್ಟೇ ಹೊತ್ತು ತೆರೆದಿರುವುದು.

ಎರಡು ಗಂಡುಗಳನ್ನು ಕಲ್ಪಿಸಿಕೊಳ್ಳಿ. ಎರಡೂ ಬಂದಾಗ ಗುಂಪಿನ ಒಂದು ತಾಯಿಯ ಎದೆಯಲ್ಲಿ ಎರಡು ತಿಂಗಳ ಮರಿ ಇದೆ. ಮೊದಲನೆಯ ಗಂಡು ಮರಿಯನ್ನು ಮುಟ್ಟುವುದಿಲ್ಲ, ಕಾಯುತ್ತದೆ. ಹಾಲು ಬಿಡಲು ಇನ್ನೂ ಹತ್ತು ತಿಂಗಳು. ಬೆದೆಗೆ ಬಂದು ಗಬ್ಬ ನಿಲ್ಲಲು ಒಂದೆರಡು ತಿಂಗಳು ಅನ್ನೋಣ. ಮೇಲೆ ಆರೂವರೆ. ಅದರ ಮೊದಲ ಮರಿ ಹುಟ್ಟುವ ಹೊತ್ತಿಗೆ ಹದಿನೆಂಟು ತಿಂಗಳು ಕಳೆದಿರುತ್ತದೆ. 27ನೇ ತಿಂಗಳಿಗೆ ಹೊಸ ಗಂಡು ಬಂದಾಗ ಆ ಮರಿಗೆ ಇನ್ನೂ ಒಂಬತ್ತೇ ತಿಂಗಳು. ಹಾಲು ಬಿಟ್ಟಿಲ್ಲ. ಬಂದ ಗಂಡು ಕೊಲ್ಲುವಂಥದ್ದಾದರೆ ಅದೂ ಹೋಯಿತು.

ಎರಡನೆಯ ಗಂಡು ಬಂದ ಕೂಡಲೇ ಮರಿಯನ್ನು ಕೊಲ್ಲುತ್ತದೆ. ತಾಯಿ ಕೆಲವೇ ವಾರಗಳಲ್ಲಿ ಬೆದೆಗೆ ಬರುತ್ತದೆ. ಎಂಟನೇ ತಿಂಗಳ ಸುಮಾರಿಗೆ ಈ ಗಂಡಿನ ಮರಿ ಹುಟ್ಟುತ್ತದೆ. 27ನೇ ತಿಂಗಳಿಗೆ ಅದಕ್ಕೆ ಒಂದೂವರೆ ವರ್ಷ ದಾಟಿರುತ್ತದೆ. ಹಾಲು ಬಿಟ್ಟು, ಸ್ವಂತ ಕಾಲ ಮೇಲೆ ನಿಂತಿರುತ್ತದೆ. ಅಷ್ಟರಲ್ಲಿ ಇನ್ನೊಂದು ಮರಿ ಹುಟ್ಟುವುದಕ್ಕೂ ಸಮಯ ಸಿಕ್ಕೀತು.

ಇದು ವಿಷಯ ತಿಳಿಸಲು ನಾನು ಹಾಕಿದ ಒರಟು ಲೆಕ್ಕ. ಆದರೆ ಇದೇ ದಾರಿಯಲ್ಲಿ ಗಣಿತದ ಮಾದರಿ ಕಟ್ಟಿ ನೋಡಿದವರೂ ಇದ್ದಾರೆ. ಚಾಪ್‌ಮನ್ ಮತ್ತು ಹೌಸ್‌ಫೇಟರ್ 1979ರಲ್ಲೇ ಆ ಕೆಲಸ ಮಾಡಿದರು. ಯಜಮಾನಿಕೆಯ ಅವಧಿ ಎಷ್ಟು ಅನ್ನುವುದರ ಮೇಲೆ ಲಾಭ ನಷ್ಟ ನಿಂತಿದೆ ಅನ್ನುವುದು ಇಂಥ ಲೆಕ್ಕಗಳಿಂದ ಸ್ಪಷ್ಟವಾಗುತ್ತದೆ. ಎಷ್ಟು ವರ್ಷ ಬೇಕಾದರೂ ಇರಬಹುದು ಅನ್ನುವ ಗಂಡಿಗೆ ಕಾಯುವುದರಲ್ಲಿ ಅಷ್ಟು ನಷ್ಟವಿಲ್ಲ. ಕಾಲ ಕಡಿಮೆಯಿದ್ದಾಗಲೇ ಕಾಯುವುದು ದುಬಾರಿ.

ಈಗ ತಲೆಮಾರುಗಳನ್ನು ಮುಂದಕ್ಕೆ ಓಡಿಸಿ. ಮರಿಗಳ ಮೇಲೆ ಎರಗುವ ಒಲವು ಗಂಡುಗಳಲ್ಲಿ ಒಂದೇ ಸಮ ಇರುವುದಿಲ್ಲ. ಆ ವ್ಯತ್ಯಾಸದಲ್ಲಿ ಒಂದು ಪಾಲು ಜೀನ್‌ಗಳಿಂದ, ಅಂದರೆ ವಂಶವಾಹಿಗಳಿಂದ, ಬಂದಿದ್ದರೆ ಸಾಕು. ಎರಗಿದ ಗಂಡಿನ ಮರಿಗಳು ಜಾಸ್ತಿ ಉಳಿಯುತ್ತವೆ, ಆ ಮರಿಗಳ ಜೊತೆ ಆ ಜೀನ್‌ಗಳೂ ಉಳಿಯುತ್ತವೆ. ಕಾದು ಕುಳಿತ ಗಂಡಿನ ಜೀನ್‌ಗಳು ಕಡಿಮೆಯಾಗುತ್ತ ಬರುತ್ತವೆ. ನಿಸರ್ಗದ ಆಯ್ಕೆ ಅಂದರೆ ಇಷ್ಟೇ. ಅದಕ್ಕೆ ಜಾತಿಯ ಯೋಗಕ್ಷೇಮ ಕಾಣುವುದಿಲ್ಲ. ಒಟ್ಟಾರೆ ಮುಸುವಗಳ ಸಂಖ್ಯೆ ಇದರಿಂದ ಕಡಿಮೆಯೇ ಆಗಬಹುದು. ಆದರೂ ಈ ನಡತೆ ಹರಡುತ್ತದೆ.

ಗಂಡು ಇದನ್ನೆಲ್ಲ ಯೋಚಿಸುತ್ತದೆಯೇ? ಇಲ್ಲ. ಅದಕ್ಕೆ ತಿಂಗಳು ಗೊತ್ತಿಲ್ಲ, ತಂದೆತನ ಅನ್ನುವುದೂ ಗೊತ್ತಿಲ್ಲ. ನಮಗೆ ಹಸಿವಾದಾಗ ಕ್ಯಾಲರಿ ಲೆಕ್ಕ ಹಾಕಿ ಊಟಕ್ಕೆ ಕೂರುತ್ತೇವೆಯೇ? ಹಸಿವು ಆಗುತ್ತದೆ, ಉಣ್ಣುತ್ತೇವೆ. ಹಸಿವಾದಾಗ ಉಂಡವರ ಮಕ್ಕಳು ನಾವು, ಅಷ್ಟೇ. ಮುಸುವದ ಗಂಡಿಗೂ ಅಪರಿಚಿತ ಹೆಣ್ಣಿನ ಎದೆಯಲ್ಲಿ ಮರಿ ಕಂಡಾಗ ಏನೋ ಕೆರಳುತ್ತದೆ. ತಾನು ಕೂಡಿದ ಹೆಣ್ಣುಗಳ ನಡುವೆ ಮರಿ ಕಂಡಾಗ ಕೆರಳುವುದಿಲ್ಲ.

ಇಲಿಗಳು ಹೇಳುವುದು

ಹಾಗಾದರೆ ‘ಮರಿ ಕೊಲ್ಲುವ ಜೀನ್’ ಅಂತ ಒಂದು ಇದೆಯೇ? ಇಂಥ ಮಾತು ಪತ್ರಿಕೆಗಳಲ್ಲಿ ಬಂದಾಗ ನನಗೆ ಬೇಸರವಾಗುತ್ತದೆ. ಜೀನ್‌ಗಳು ಮೂಗನ್ನು ಕಟ್ಟುತ್ತವೆ, ಮೆದುಳಿನ ನರಗಳನ್ನು ಹೆಣೆಯುತ್ತವೆ, ಯಾವ ವಾಸನೆಗೆ ಯಾವ ನರ ಮಿಡಿಯಬೇಕು ಅನ್ನುವುದಕ್ಕೆ ದಾರಿ ಹಾಕುತ್ತವೆ. ನಡತೆ ಹೊರಗೆ ಬರುವುದು ಆ ದಾರಿಗಳ ಮೂಲಕ, ಸಂದರ್ಭ ಕೂಡಿಬಂದಾಗ. ಮುಸುವಗಳಲ್ಲಿ ಈ ದಾರಿಯನ್ನು ಬಿಡಿಸಿ ನೋಡುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಆದರೆ ಪ್ರಯೋಗಾಲಯದ ಇಲಿಗಳಲ್ಲಿ ಇದೇ ನಡತೆ ಇದೆ. ಹೆಣ್ಣಿನ ಜೊತೆ ಎಂದೂ ಕೂಡದ ಗಂಡಿಲಿಯ ಮುಂದೆ ಎಳೆ ಮರಿಯನ್ನಿಟ್ಟರೆ ಅದು ಸಾಮಾನ್ಯವಾಗಿ ಕಚ್ಚುತ್ತದೆ. ಅದೇ ಗಂಡು ಹೆಣ್ಣಿನ ಜೊತೆ ಕೂಡಿ ಸುಮಾರು ಮೂರು ವಾರವಾದ ಮೇಲೆ ಮರಿಯನ್ನಿಟ್ಟರೆ, ಕಚ್ಚುವ ಬದಲು ನೆಕ್ಕಿ ಬೆಚ್ಚಗಿಡುತ್ತದೆ. ಮೂರು ವಾರ ಯಾಕೆ? ಇಲಿಯ ಗಬ್ಬ ಅಷ್ಟೇ ದಿನ. ತನ್ನ ಮರಿಗಳು ಹುಟ್ಟುವ ಹೊತ್ತಿಗೆ ಸರಿಯಾಗಿ ಕೊಲ್ಲುವ ಒಲವು ಅಡಗುತ್ತದೆ. ಎರಡು ತಿಂಗಳ ಸುಮಾರಿಗೆ, ಮರಿಗಳು ಹಾಲು ಬಿಟ್ಟು ಹೋದ ಮೇಲೆ, ಮತ್ತೆ ತಲೆ ಎತ್ತುತ್ತದೆ.

ಮಿಸೌರಿ ವಿಶ್ವವಿದ್ಯಾಲಯದ ಗ್ಲೆನ್ ಪೆರಿಗೋ ಮತ್ತು ಫ್ರೆಡರಿಕ್ ಫಾಮ್ ಸಾಲ್ ಅವರ ತಂಡ 1990ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ದೀಪ ಹಾಕಿ ಆರಿಸಿ ಹಗಲು ರಾತ್ರಿಯನ್ನು ಗಿಡ್ಡ ಮಾಡಿದರು, ಇನ್ನು ಕೆಲವು ಇಲಿಗಳಿಗೆ ಉದ್ದ ಮಾಡಿದರು. ಇಲಿ ಎಣಿಸುತ್ತಿದ್ದದ್ದು ಗಂಟೆಗಳನ್ನಲ್ಲ, ಬೆಳಗಾಗುವುದನ್ನು. ಗಿಡ್ಡ ದಿನಗಳಲ್ಲಿದ್ದ ಗಂಡು ಬೇಗ ಶಾಂತವಾಯಿತು, ಉದ್ದ ದಿನಗಳಲ್ಲಿದ್ದದ್ದು ತಡವಾಗಿ. ಎಣಿಸಲು ಬಾರದ ಪ್ರಾಣಿಯ ಮೈಯೊಳಗೆ ಎಣಿಸುವ ಗಡಿಯಾರ! ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

2014ರಲ್ಲಿ ಹಾರ್ವರ್ಡ್‌ನ ಕ್ಯಾಥರೀನ್ ಡುಲಾಕ್ ಅವರ ತಂಡ ಇನ್ನೂ ಒಳಕ್ಕೆ ಹೋಯಿತು. ಟಿಆರ್‌ಪಿಸಿ2 ಅನ್ನುವ ಒಂದು ಜೀನ್ ಇದೆ. ಇಲಿಯ ಮೂಗಿನಲ್ಲಿ ಜೊತೆಗಾರರ ವಾಸನೆ ಹಿಡಿಯುವ ವಿಶೇಷ ಅಂಗ ಕೆಲಸ ಮಾಡಲು ಅದು ಬೇಕು. ಆ ಜೀನ್ ಇಲ್ಲದ, ಎಂದೂ ಕೂಡದ ಗಂಡುಗಳು ಮರಿಯನ್ನು ಕೊಲ್ಲಲಿಲ್ಲ. ಗೂಡಿಗೆ ಹೊತ್ತು ತಂದು ನೋಡಿಕೊಂಡವು. ಇನ್ನೊಂದು ಪ್ರಯೋಗದಲ್ಲಿ ಮೆದುಳಿನ ಕೆಳಭಾಗದ ಒಂದು ಸಣ್ಣ ನರಗುಂಪನ್ನು ಬೆಳಕಿನ ಸಹಾಯದಿಂದ ಚುರುಕು ಮಾಡಿದಾಗ, ಕಚ್ಚಲು ಹೊರಟ ಗಂಡು ನಿಂತು ಮರಿಯನ್ನು ನೆಕ್ಕತೊಡಗಿತು. ಕೊಲ್ಲುವ ದಾರಿ, ಸಾಕುವ ದಾರಿ ಎರಡೂ ಒಂದೇ ತಲೆಯೊಳಗೆ ಇವೆ. ಜೀನ್‌ಗಳು ಎರಡನ್ನೂ ಕಟ್ಟಿವೆ, ಯಾವುದು ಯಾವಾಗ ಅನ್ನುವ ಸ್ವಿಚ್ಚನ್ನೂ ಸೇರಿಸಿ.

ಹೆಣ್ಣುಗಳ ಪಾಲು

ಇಲ್ಲಿಯವರೆಗೆ ಹೇಳಿದ್ದು ಗಂಡಿನ ಕಥೆ. ಹಾಗೆ ಬಿಟ್ಟರೆ ಪ್ರಕರಣ ಅರ್ಧ. ತಾಯಿ ಗಬ್ಬ ಹೊತ್ತು, ಹಾಲು ಕೊಟ್ಟು ಬೆಳೆಸಿದ್ದು ಒಂದೇ ಕಚ್ಚಿಗೆ ಹೋಗುತ್ತದೆ. ಅದನ್ನು ತಡೆಯುವ ಯಾವ ಒಲವಿಗಾದರೂ ನಿಸರ್ಗದ ಆಯ್ಕೆಯಲ್ಲಿ ಬೆಲೆ ಇದ್ದೇ ಇರುತ್ತದೆ. ಹರ್ಡಿ ಅವರ ದೊಡ್ಡ ಕೊಡುಗೆ ಇದನ್ನು ಕಂಡದ್ದು ಅಂತ ನಾನು ತಿಳಿದಿದ್ದೇನೆ. ಅದಕ್ಕೆ ಮೊದಲು ಹೆಣ್ಣು ಪ್ರಾಣಿ ಅಂದರೆ ಸುಮ್ಮನೆ ಕೂತು ಗೆದ್ದವನಿಗೆ ಒಲಿಯುವಂಥದ್ದು ಅನ್ನುವ ಹಾಗೆ ಬರೆಯುತ್ತಿದ್ದರು.

ಮುಸುವದ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಬದುಕುತ್ತದೆ. ಊರು ಬಿಡುವುದು ಗಂಡು. ಹಾಗಾಗಿ ಗುಂಪಿನ ಹೆಣ್ಣುಗಳೆಲ್ಲ ಒಂದಲ್ಲ ಒಂದು ರೀತಿ ಬಂಧುಗಳು: ಅವ್ವ, ಮಗಳು, ಅಕ್ಕ, ತಂಗಿ, ಚಿಕ್ಕಮ್ಮ, ಅಜ್ಜಿ. ಹುಟ್ಟಿದ ಮರಿಯನ್ನು ಮೊದಲ ದಿನವೇ ಕೈಯಿಂದ ಕೈಗೆ ದಾಟಿಸುತ್ತವೆ. ಅಬು ಬೆಟ್ಟದಲ್ಲಿ ಹರ್ಡಿ ಅವರು ಸೋಲ್ ಎಂದು ಹೆಸರಿಟ್ಟಿದ್ದ ಒಂದು ಮುದಿ ಹೆಣ್ಣು ಇತ್ತು. ತಿನ್ನುವಾಗ ಎಲ್ಲರಿಗೂ ದಾರಿ ಬಿಡುತ್ತಿತ್ತು, ಗುಂಪಿನ ಅಂಚಿನಲ್ಲಿ ಕೂರುತ್ತಿತ್ತು. ಹೊಸ ಗಂಡು ಮರಿಯ ಮೇಲೆ ಎರಗಿದಾಗ ಮುಂದೆ ನುಗ್ಗಿ ಎದುರಿಸಿದ್ದು ಇದೇ ಮುದುಕಿ.

ಇದನ್ನು ಬರೀ ತ್ಯಾಗ ಅಂದುಬಿಡಬಹುದು. ಆದರೆ ಇದರ ಹಿಂದೆಯೂ ಜೀನ್‌ಗಳ ಲೆಕ್ಕವಿದೆ. ಅದನ್ನು 1964ರಲ್ಲಿ ಬರೆದವರು ಬ್ರಿಟನ್ನಿನ ಡಬ್ಲ್ಯು.ಡಿ. ಹ್ಯಾಮಿಲ್ಟನ್. ನನ್ನ ಜೀನ್‌ಗಳು ನನ್ನ ಮೈಯಲ್ಲಿ ಮಾತ್ರ ಇಲ್ಲ. ಮಗಳಲ್ಲಿ ಅರ್ಧ, ಮೊಮ್ಮಗುವಿನಲ್ಲಿ ಕಾಲು ಪಾಲು ಇವೆ. ಬಂಧುವಿಗೆ ಆಗುವ ಲಾಭವನ್ನು ಆ ಪಾಲಿನಿಂದ ಗುಣಿಸಿದರೆ ನನಗಾಗುವ ನಷ್ಟಕ್ಕಿಂತ ಹೆಚ್ಚು ಬರುತ್ತದೆ ಅಂದರೆ, ಅಂಥ ನೆರವಿನ ಒಲವು ಹರಡುತ್ತದೆ. ಮುದುಕಿ ಇನ್ನು ಮರಿ ಹಾಕುವುದು ಅಪರೂಪ. ಗಾಯವಾದರೂ ಅದು ಕಳೆದುಕೊಳ್ಳುವುದು ಕಡಿಮೆ. ಮೊಮ್ಮಗು ಉಳಿದರೆ ಸಿಗುವುದು ಜಾಸ್ತಿ. ಎಳೆಯ ತಾಯಿಗಿಂತ ಮುದುಕಿಯೇ ಮುಂದೆ ನುಗ್ಗುವುದಕ್ಕೆ ಇದು ಸರಿಯಾಗಿ ಕೂಡುತ್ತದೆ. ಲೆಕ್ಕ ಗೊತ್ತಾದ ಮಾತ್ರಕ್ಕೆ ಆ ಮುದುಕಿಯ ಧೈರ್ಯ ನನಗೆ ಕಿಂಚಿತ್ತೂ ಸಣ್ಣದಾಗಿ ಕಾಣುವುದಿಲ್ಲ.

ಇನ್ನೊಂದು ಉಪಾಯವೂ ಇದೆ. ಹೊಸ ಗಂಡು ಬಂದಾಗ ಈಗಾಗಲೇ ಗಬ್ಬವಾಗಿರುವ ಹೆಣ್ಣುಗಳು ಕೆಲವೊಮ್ಮೆ ಬೆದೆಗೆ ಬಂದ ಹಾಗೆ ನಡೆದುಕೊಂಡು ಅದರ ಜೊತೆ ಕೂಡುತ್ತವೆ. ಆಮೇಲೆ ಹುಟ್ಟುವ ಮರಿಯನ್ನು ಗಂಡು ಬಿಟ್ಟುಬಿಡುವ ಸಾಧ್ಯತೆ ಇರುತ್ತದೆ. ಪ್ರತಿ ಸಲ ಇದು ಫಲಿಸುವುದಿಲ್ಲ, ಆದರೆ ಫಲಿಸಿದ ಒಂದೊಂದು ಸಲವೂ ಒಂದು ಜೀವ. ಹಾಲು ಬಿಡುವ ಹಂತಕ್ಕೆ ಬಂದ ಮರಿಯನ್ನು ತಾಯಿ ಓಡಿಸಲ್ಪಟ್ಟ ಹಳೆಯ ಗಂಡಿನ ಜೊತೆ ಬಿಟ್ಟುಬರುವುದೂ ಉಂಟು.

ಇದನ್ನೆಲ್ಲ ಹೇಳಿದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ತನ್ನ ಮರಿಯನ್ನು ಕೊಂದ ಗಂಡಿನ ಜೊತೆಗೇ ತಾಯಿ ಕೂಡುವುದೇಕೆ? ಎಲ್ಲ ಹೆಣ್ಣುಗಳೂ ಸೇರಿ ದೂರ ಇಟ್ಟರೆ ಆ ನಡತೆಯೇ ಅಳಿದುಹೋಗುವುದಿಲ್ಲವೇ? ಎಲ್ಲವೂ ಸೇರಿದರೆ ಹೌದು. ಆದರೆ ಸೇರಿ ಮಾತಾಡಿ ನಿರ್ಧರಿಸುವುದಕ್ಕೆ ಅವು ಸಂಘ ಕಟ್ಟಿಕೊಂಡಿಲ್ಲ. ಒಂದು ಹೆಣ್ಣು ಮಾತ್ರ ಹಿಂದೆ ಸರಿದರೆ ಏನಾಗುತ್ತದೆ? ಆ ಗಂಡು ಇನ್ನೂ ಎರಡು ವರ್ಷ ಅಲ್ಲೇ ಇರುತ್ತದೆ. ಅಷ್ಟೂ ಕಾಲ ಆ ಹೆಣ್ಣಿಗೆ ಮರಿಯಿಲ್ಲ. ಪಕ್ಕದ ಹೆಣ್ಣು ಒಂದೋ ಎರಡೋ ಮರಿ ಹಾಕಿರುತ್ತದೆ. ಮುಂದಿನ ತಲೆಮಾರಿನಲ್ಲಿ ಹಿಂದೆ ಸರಿಯುವ ಒಲವೇ ಕಡಿಮೆಯಾಗಿರುತ್ತದೆ. ಈ ಪ್ರಕರಣದಲ್ಲಿ ನನಗೆ ತೀರಾ ನೋವು ಕೊಡುವ ಭಾಗ ಇದು. ಪ್ರತಿಯೊಂದು ಹೆಣ್ಣಿಗೂ ಕೆಟ್ಟದ್ದಾದ ವ್ಯವಸ್ಥೆ, ಒಬ್ಬೊಬ್ಬರ ಲೆಕ್ಕದಲ್ಲಿ ಮಾತ್ರ ಸರಿಯಾಗಿ ಕೂಡಿಕೊಂಡು ನಿಂತುಬಿಟ್ಟಿದೆ.

ವಾದ, ಮತ್ತು ಡಿಎನ್‌ಎ

ಹರ್ಡಿ ಅವರ ವಾದಕ್ಕೆ ವಿರೋಧ ಜೋರಾಗಿಯೇ ಇತ್ತು. 1978ರಲ್ಲಿ ಕರ್ಟಿನ್ ಮತ್ತು ಡಾಲ್ಹಿನೋ ಇಕ್ಕಟ್ಟಿನ ವಾದವನ್ನು ಮತ್ತೆ ಮುಂದಿಟ್ಟರು. 1993ರಲ್ಲಿ ಬಾರ್ಟ್‌ಲೆಟ್, ಸಸ್‌ಮನ್, ಷೆವೆರುಡ್ ಎಂಬ ಮೂವರು ದಾಖಲಾದ ಪ್ರಕರಣಗಳನ್ನೆಲ್ಲ ಗುಡ್ಡೆ ಹಾಕಿ ಪ್ರಶ್ನಿಸಿದರು. ಎಷ್ಟನ್ನು ಕಣ್ಣಾರೆ ಕಂಡಿದ್ದೀರಿ, ಎಷ್ಟನ್ನು ಊಹಿಸಿದ್ದೀರಿ, ಕೊಂದ ಗಂಡೇ ಮುಂದಿನ ಮರಿಯ ತಂದೆ ಅನ್ನುವುದಕ್ಕೆ ಗುರುತೇನು? ನ್ಯಾಯವಾದ ಪ್ರಶ್ನೆಗಳು. ತಂದೆ ಯಾರು ಅಂತ ಗೊತ್ತಿಲ್ಲದೆ ಇಡೀ ಲೆಕ್ಕಕ್ಕೆ ಬುಡವೇ ಇರುವುದಿಲ್ಲ.

ಉತ್ತರ ಬಂದದ್ದು ನೇಪಾಳದ ರಾಮನಗರದಿಂದ. ಅಲ್ಲಿ ಮುಸುವಗಳು ಸಾಲ ಮರದ ಕಾಡಿನಲ್ಲಿ ಸಹಜವಾಗಿ ಬದುಕುತ್ತವೆ. ಊರ ತಿಂಡಿ ಇಲ್ಲ, ಇಕ್ಕಟ್ಟೂ ಇಲ್ಲ. ಗುಂಪಿನಲ್ಲಿ ಹಲವು ಗಂಡುಗಳೂ ಇರುತ್ತವೆ. ಆದರೂ ಮರಿಗಳ ಮೇಲೆ ದಾಳಿ ಆಗುತ್ತಿತ್ತು. ಕರೋಲಾ ಬೊರೀಸ್ ಮತ್ತು ಸಂಗಡಿಗರು ಮುಸುವಗಳ ಲದ್ದಿಯನ್ನು ಆರಿಸಿ, ಅದರಿಂದ ಡಿಎನ್‌ಎ ತೆಗೆದು, ತಂದೆತನ ಪರೀಕ್ಷಿಸಿದರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷಿಸಿದ ಎಲ್ಲ ಪ್ರಕರಣಗಳಲ್ಲೂ ದಾಳಿ ಮಾಡಿದ ಗಂಡು ಆ ಮರಿಯ ತಂದೆಯಾಗಿರಲಿಲ್ಲ. ಕೊಂದದ್ದು ಎಂದು ತಿಳಿದ ಗಂಡೇ ಅದೇ ತಾಯಿಯ ಮುಂದಿನ ಮರಿಯ ತಂದೆಯಾಗಿರುವ ಸಂಭವ ಎಲ್ಲ ಪ್ರಕರಣಗಳಲ್ಲೂ ಕಂಡಿತು.

ಧಾರವಾಡದ ಘಟನೆ ನಡೆದು 37 ವರ್ಷ ಕಳೆದಿತ್ತು. ಆಗ ಎಲ್ಲವನ್ನೂ ಒಂದೇ ಜಾತಿ ಎಂದು ಕರೆಯುತ್ತಿದ್ದರು, ಈಗ ಉತ್ತರದ್ದು, ದಕ್ಷಿಣದ್ದು, ಹಿಮಾಲಯದ್ದು ಅಂತ ಹಲವು ಜಾತಿಗಳಾಗಿ ಬಿಡಿಸಿದ್ದಾರೆ. ಆದರೂ ನಡತೆಯ ಒಳಗಿನ ಲೆಕ್ಕ ಒಂದೇ ಎಂದಾಯಿತು. ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಲ್ಲೂ ಹೊಸ ಗಂಡುಗಳು ಬಂದಾಗ ಮರಿಗಳು ಸಾಯುತ್ತವೆ ಎಂದು ಅಷ್ಟರಲ್ಲಿ ಚೆನ್ನಾಗಿ ದಾಖಲಾಗಿತ್ತು.

ಇಲ್ಲೊಂದು ಮಾತು ಹೇಳಲೇಬೇಕು, ಯಾಕೆಂದರೆ ಈ ವಿಷಯ ಎತ್ತಿದಾಗೆಲ್ಲ ಯಾರಾದರೂ ಕೇಳುತ್ತಾರೆ: ಹಾಗಾದರೆ ಇದು ಸರಿ ಅಂತೀರಾ? ಜ್ವರ ಯಾಕೆ ಬರುತ್ತದೆ ಎಂದು ವಿವರಿಸಿದ ಡಾಕ್ಟರು ಜ್ವರವನ್ನು ಒಪ್ಪಿದ ಹಾಗಾಯಿತೇ? ಒಂದು ನಡತೆ ಹೇಗೆ ಉಳಿದುಬಂತು ಅನ್ನುವುದು ಬೇರೆ, ಅದು ಹಾಗಿರಬೇಕೇ ಅನ್ನುವುದು ಬೇರೆ. ಮುಸುವಗಳ ಗುಂಪಿನಿಂದ ನಮ್ಮ ಮನೆಗೆ ನೀತಿ ತರುವ ಅಗತ್ಯ ನಮಗಿಲ್ಲ.

2014ರಲ್ಲಿ ಡೀಟರ್ ಲುಕಾಸ್ ಮತ್ತು ಎಲೀಸ್ ಉಷಾರ್ 260 ಜಾತಿಯ ಸಸ್ತನಿಗಳನ್ನು ಹೋಲಿಸಿ ನೋಡಿದರು. 119 ಜಾತಿಗಳಲ್ಲಿ ಗಂಡು ಮರಿ ಕೊಲ್ಲುವುದು ದಾಖಲಾಗಿತ್ತು. ಎಲ್ಲಿ ಕೆಲವೇ ಗಂಡುಗಳು ಬಹಳ ಹೆಣ್ಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆಯೋ, ಎಲ್ಲಿ ಮರಿ ಹಾಕುವುದಕ್ಕೆ ವರ್ಷದ ಕಟ್ಟುನಿಟ್ಟಾದ ಕಾಲವಿಲ್ಲವೋ, ಅಲ್ಲಿ ಇದು ಜಾಸ್ತಿ. ಅದಕ್ಕಿಂತ ನನ್ನನ್ನು ಹಿಡಿದದ್ದು ಅವರ ಇನ್ನೊಂದು ಮಾತು. ಮರಿ ಕೊಲ್ಲುವ ನಡತೆ ಬೇರೂರಿದ ವಂಶಗಳಲ್ಲಿ ಕಾಲ ಕಳೆದ ಹಾಗೆ ಗಂಡುಗಳ ವೃಷಣಗಳ ಗಾತ್ರ ದೊಡ್ಡದಾಗುತ್ತ ಹೋಗಿದೆ. ಅಂದರೆ ಹೆಣ್ಣುಗಳು ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡತೊಡಗಿವೆ, ಗಂಡುಗಳ ಪೈಪೋಟಿ ವೀರ್ಯದ ಮಟ್ಟಕ್ಕೆ ಇಳಿದಿದೆ. ಯಾವ ಮರಿ ಯಾರದು ಎಂದು ಯಾವ ಗಂಡಿಗೂ ಖಚಿತವಿಲ್ಲದಾಗ ಕೊಲ್ಲುವುದರ ಲಾಭವೇ ಹೋಗುತ್ತದೆ. ಪೈಪೋಟಿ ಆ ಮಟ್ಟ ಮುಟ್ಟಿದ ಜಾತಿಗಳಲ್ಲಿ ಮರಿ ಕೊಲ್ಲುವುದು ನಿಂತೇ ಹೋಗಿದೆ. ಒಂದೊಂದು ಹೆಣ್ಣು ದೂರ ಸರಿದು ಸಾಧಿಸಲಾಗದ್ದನ್ನು, ಲಕ್ಷಾಂತರ ವರ್ಷಗಳಲ್ಲಿ ಹೆಣ್ಣುಗಳು ತಂದೆ ಯಾರೆಂಬ ಗುರುತನ್ನು ಅಳಿಸಿ ಸಾಧಿಸಿವೆ.

ಧಾರವಾಡದಲ್ಲಿ ಮುಸುವಗಳು ಇವತ್ತಿಗೂ ಇವೆ. ಬೆಳಗಿನ ಹೊತ್ತು ಗುಂಪೊಂದು ಮರದಲ್ಲಿ ಕೂತಿರುವಾಗ ಐದು ನಿಮಿಷ ನಿಂತು ನೋಡಿ. ಎಳೆ ಮರಿ ಕಪ್ಪಗಿರುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ. ಅದು ಒಂದು ಮಡಿಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ತಾಯಿ ಚಿಗುರು ಕೀಳುತ್ತ ಒಂದು ಕಣ್ಣು ಇತ್ತ ಇಟ್ಟಿರುತ್ತದೆ. ಅಂಚಿನ ಕೊಂಬೆಯಲ್ಲಿ, ಎಲ್ಲರಿಗಿಂತ ಕೆಳಗೆ, ಒಂದು ಮುದಿ ಹೆಣ್ಣು ಕೂತಿರಬಹುದು.